ಅಸ್ಪೃಶ್ಯತೆಯನ್ನು ಅಳೆಯುವ ಕೊಳಗ

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಎದ್ದ ಜಗಳದ ನಡುವೆ ಇದ್ದದ್ದು ಒಂದು ಅಳತೆಯ ಪಾತ್ರೆ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರ ಮನೆಯಿಂದ ದೊಡ್ಡ ಕೊಳಗ ಹೊರಬರುತ್ತಿತ್ತು, ಕೊಡುವಾಗ ಚಿಕ್ಕದು. ಎಲ್ಲರಿಗೂ ಒಂದೇ ಕೊಳಗ, ಅದೂ ಮೂರು ಸೇರಿನದೇ ಆಗಬೇಕು ಎಂದು ಗೇಣಿದಾರರಾದ ದೀವರು ಹಟ ಹಿಡಿದರು. ಎಚ್. ಗಣಪತಿಯಪ್ಪ ಸಂಘಟನೆ ಕಟ್ಟಿದರು, ಸಮಾಜವಾದಿಗಳು ಜೊತೆಗೂಡಿದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿತು. ಅಳತೆ ಯಾರ ಕೈಯಲ್ಲಿದೆ, ಅದು ವರ್ಷದಿಂದ ವರ್ಷಕ್ಕೆ ಒಂದೇ ಆಗಿದೆಯೇ ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ.

ಈಗ ಅದೇ ಪ್ರಶ್ನೆಯನ್ನು ಭತ್ತದ ಬದಲು ಜಾತಿ ತಾರತಮ್ಯಕ್ಕೆ ಕೇಳಿ ನೋಡೋಣ. ತೀರ್ಥಹಳ್ಳಿಯ ಯಾವುದೇ ಹೋಟೆಲಿನಲ್ಲಿ ಕೂತರೆ ‘ಈಗೆಲ್ಲಿದೆ ಮಾರಾಯ್ರೆ ಜಾತಿ, ಅದೆಲ್ಲ ನಮ್ಮ ಅಜ್ಜನ ಕಾಲಕ್ಕೇ ಮುಗೀತು’ ಎನ್ನುವವರು ಸಿಗುತ್ತಾರೆ. ‘ಮೊದಲಿಗಿಂತ ಜೋರಾಗಿದೆ, ಹೊರಗೆ ಕಾಣಲ್ಲ ಅಷ್ಟೆ’ ಎನ್ನುವವರೂ ಸಿಗುತ್ತಾರೆ. ಇಬ್ಬರ ಕೈಯಲ್ಲೂ ಕೊಳಗವಿಲ್ಲ. ಹಾಗಾದರೆ ಒಂದು ದೇಶದಲ್ಲಿ, ಶಿವಮೊಗ್ಗದಂಥ ಒಂದು ಜಿಲ್ಲೆಯಲ್ಲಿ, ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ನಮ್ಮ ಮೂರು ತಾಲ್ಲೂಕುಗಳಲ್ಲಿ ಇಂಥದ್ದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯುವುದು ಹೇಗೆ?

ಈ ಕೆಲಸವನ್ನು ಬಹುಕಾಲದಿಂದ ಪಟ್ಟು ಹಿಡಿದು ಮಾಡುತ್ತ ಬಂದವರಲ್ಲಿ ಯಹೂದಿ ದ್ವೇಷವನ್ನು ಲೆಕ್ಕ ಹಾಕುವ ಸಂಸ್ಥೆಗಳು ಮುಂದಿವೆ. ಅವು ಮೂರು ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತವೆ: ಜನರ ಮನಸ್ಸಿನಲ್ಲಿ ಏನಿದೆ, ಯಹೂದಿಗಳು ದಿನನಿತ್ಯ ಏನನ್ನು ಅನುಭವಿಸುತ್ತಾರೆ, ಅದರಲ್ಲಿ ಎಷ್ಟು ದೂರಾಗಿ ದಾಖಲಾಗುತ್ತದೆ. ಅಮೆರಿಕದ ಆಂಟಿ ಡಿಫಮೇಷನ್ ಲೀಗ್ 2014ರಲ್ಲಿ ನೂರಕ್ಕೂ ಹೆಚ್ಚು ದೇಶಗಳಲ್ಲಿ ಯಹೂದಿಗಳ ಬಗೆಗಿನ ಹನ್ನೊಂದು ಸವಕಲು ಆಪಾದನೆಗಳನ್ನು ಮುಂದಿಟ್ಟು, ಆರು ಅಥವಾ ಹೆಚ್ಚನ್ನು ಒಪ್ಪಿದವರನ್ನು ಪೂರ್ವಗ್ರಹವುಳ್ಳವರೆಂದು ಎಣಿಸಿತು. ಭಾರತದ ಅಂಕಿ ಶೇ. 20. ಇಡೀ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇ. 74 ಮಂದಿ ಒಬ್ಬ ಯಹೂದಿಯನ್ನೂ ಕಂಡವರಲ್ಲ! ಮನಸ್ಸಿನ ಲೆಕ್ಕವನ್ನೂ ಘಟನೆಗಳ ಲೆಕ್ಕವನ್ನೂ ಬೇರೆಯಾಗಿಯೇ ಇಡಬೇಕು ಎಂಬುದಕ್ಕೆ ಇಷ್ಟು ಸಾಕು. ಕಾಣದವರ ಮೇಲೆ ಹಗೆ ಇರಬಹುದು, ಆದರೆ ಹೊಡೆಯಲು ಅವರು ಎದುರಿಗೆ ಇರುವುದಿಲ್ಲ.

ನಮ್ಮಲ್ಲಿ ಹಾಗಲ್ಲ. ದಲಿತರು ಎದುರಿಗೇ ಇದ್ದಾರೆ, ತೋಟದಲ್ಲಿ ದಿನವೂ ಜೊತೆಯಲ್ಲೇ ಕೆಲಸ ಮಾಡುತ್ತಾರೆ.

ಮೊದಲು ಠಾಣೆಯ ಲೆಕ್ಕ ನೋಡೋಣ, ಪತ್ರಿಕೆಗಳು ಎತ್ತಿಕೊಳ್ಳುವುದು ಇದನ್ನೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರತಿವರ್ಷ ಪರಿಶಿಷ್ಟ ಜಾತಿ, ಪಂಗಡದವರ ವಿರುದ್ಧದ ಅಪರಾಧಗಳ ಪಟ್ಟಿ ಕೊಡುತ್ತದೆ. ಪರಿಶಿಷ್ಟ ಜಾತಿಯವರ ವಿರುದ್ಧ ದೇಶದಲ್ಲಿ 2021ರಲ್ಲಿ 50,900 ಪ್ರಕರಣ, 2022ರಲ್ಲಿ 57,582, 2023ರಲ್ಲಿ 57,789. ಮೊದಲ ವರ್ಷಕ್ಕೂ ಎರಡನೆಯದಕ್ಕೂ ನಡುವೆ ದೊಡ್ಡ ಜಿಗಿತ, ಆಮೇಲೆ ಹೆಚ್ಚೂಕಡಿಮೆ ಸಮ. ಹಾಗಾದರೆ 2022ರಲ್ಲಿ ದ್ವೇಷ ಒಮ್ಮೆಲೇ ಉಕ್ಕಿತೇ? ಈ ಅಂಕಿ ಒಂದನ್ನೇ ನೋಡಿ ಹಾಗೆ ಹೇಳಲು ಬರುವುದಿಲ್ಲ. ಪ್ರಕರಣ ಹೆಚ್ಚಲು ನಾಲ್ಕು ದಾರಿಗಳಿವೆ. ದೌರ್ಜನ್ಯವೇ ಹೆಚ್ಚಿರಬಹುದು. ಅಷ್ಟೇ ದೌರ್ಜನ್ಯಕ್ಕೆ ದೂರು ಕೊಡುವ ಧೈರ್ಯ ಹೆಚ್ಚಿರಬಹುದು. ಬಂದ ದೂರನ್ನು ರಾಜಿ ಮಾಡಿಸಿ ಕಳಿಸುತ್ತಿದ್ದ ಠಾಣೆ ಈಗ ಎಫ್‌ಐಆರ್ ಹಾಕುತ್ತಿರಬಹುದು. ಇಲ್ಲವೇ ಕಾನೂನೇ ಅಗಲವಾಗಿರಬಹುದು. ನಾಲ್ಕರಲ್ಲಿ ಎರಡು ಒಳ್ಳೆಯ ಸುದ್ದಿ!

ಕಾನೂನು ಅಗಲವಾದದ್ದಂತೂ ನಿಜ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರದು. ಅದಕ್ಕೆ ಆದ ದೊಡ್ಡ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು. ಚಪ್ಪಲಿ ಹಾರ ಹಾಕುವುದು, ಸಾಮಾಜಿಕ ಬಹಿಷ್ಕಾರ ಹೇರುವುದು ಮುಂತಾದ ಹಲವು ಕೃತ್ಯಗಳನ್ನು ಬಿಡಿಬಿಡಿಯಾಗಿ ಹೆಸರಿಸಿ ಸೇರಿಸಲಾಯಿತು. ಹಾಗಾಗಿ 2015ರ ಅಂಕಿಯನ್ನೂ 2017ರ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಗೆರೆ ಎಳೆಯುವುದು ಎರಡು ಅಳತೆಯ ಕೊಳಗಗಳಲ್ಲಿ ತುಂಬಿದ ಭತ್ತವನ್ನು ಹೋಲಿಸಿದಂತೆ. ಕರ್ನಾಟಕದಲ್ಲಿ ಇಂಥದೇ ಇನ್ನೊಂದು ತಿರುವು ಈಗಷ್ಟೇ ಆಗಿದೆ. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ಘಟಕಗಳು 2025ರಲ್ಲಿ ವಿಶೇಷ ಪೊಲೀಸ್ ಠಾಣೆಗಳಾದವು. ದೂರಿಗೆಂದೇ ಪ್ರತ್ಯೇಕ ಬಾಗಿಲು ತೆರೆದರೆ ದೂರು ಹೆಚ್ಚುವುದು ಸಹಜ. ಇನ್ನೆರಡು ವರ್ಷದಲ್ಲಿ ಅಂಕಿ ಏರಿದರೆ ಆ ಠಾಣೆಗಳು ಕೆಲಸ ಮಾಡಿವೆ ಎಂದೂ ಓದಬಹುದು.

ಈ ವಿಷಯದಲ್ಲಿ ಹೊರಗಿನವರ ಒಂದು ಪದ್ಧತಿ ನನಗೆ ತುಂಬ ಹಿಡಿಸಿತು. ಆಂಟಿ ಡಿಫಮೇಷನ್ ಲೀಗ್ ಅಮೆರಿಕದಲ್ಲಿ 2022ಕ್ಕೆ 3,698 ಘಟನೆಗಳನ್ನು ಎಣಿಸಿತ್ತು, 2023ಕ್ಕೆ 8,873. ಆದರೆ 2023ರ ಅಕ್ಟೋಬರ್ 7ರಂದು ಇಸ್ರೇಲ್ ಮೇಲೆ ನಡೆದ ಹಮಾಸ್ ದಾಳಿಯ ಬಳಿಕ ಅದು ಇಸ್ರೇಲ್ ವಿರೋಧಿ ಮೆರವಣಿಗೆಗಳಲ್ಲಿ ಕೇಳಿಬಂದ ಕೆಲವು ಘೋಷಣೆಗಳನ್ನೂ ಲೆಕ್ಕಕ್ಕೆ ಸೇರಿಸತೊಡಗಿತು. ಇದು ಸರಿಯೋ ತಪ್ಪೋ ಎಂದು ಅಲ್ಲಿ ಜಗಳವಾಯಿತು, ಅದು ಬೇರೆ ಮಾತು. ಹಳೆಯ ಅಳತೆಯಲ್ಲೇ ಎಣಿಸಿದ್ದರೆ 7,523 ಆಗುತ್ತಿತ್ತು ಎಂಬುದನ್ನೂ ಸಂಸ್ಥೆ ಪ್ರಕಟಿಸಿತು. ಬ್ರಿಟನ್ನಿನ ಕಮ್ಯುನಿಟಿ ಸೆಕ್ಯುರಿಟಿ ಟ್ರಸ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನಗೆ ಬಂದರೂ ಯಹೂದಿ ದ್ವೇಷದ ಪುರಾವೆ ಇಲ್ಲವೆಂದು ಬಿಟ್ಟ ದೂರುಗಳ ಸಂಖ್ಯೆಯನ್ನೂ ಹೇಳುತ್ತದೆ. ನಮ್ಮ ಜಿಲ್ಲೆಗಳಲ್ಲಿ ಹೀಗೆ ಬಿಟ್ಟ ಲೆಕ್ಕ ಇಡಬೇಕು ಎಂದರೆ ಏನೇನು ಹೇಳಬೇಕಾದೀತು? ಎಷ್ಟು ಅರ್ಜಿ ಬಂದವು, ಎಷ್ಟು ಎಫ್‌ಐಆರ್ ಆದವು, ಎಷ್ಟನ್ನು ಬಿ ರಿಪೋರ್ಟ್ ಹಾಕಿ ಮುಚ್ಚಲಾಯಿತು, ಎಷ್ಟರಲ್ಲಿ ದೂರುದಾರರ ಮೇಲೆಯೇ ಕೌಂಟರ್ ಕೇಸು ಬಿತ್ತು. ‘ಅಟ್ರಾಸಿಟಿ ಕೇಸು ಎಲ್ಲ ಸುಳ್ಳು’ ಎಂದು ಕಟ್ಟೆಯ ಮೇಲೆ ಕೂತು ಹೇಳುವವರಿಗೂ, ‘ಠಾಣೆಯಲ್ಲಿ ತಗೊಳ್ಳೋದೇ ಇಲ್ಲ’ ಎನ್ನುವವರಿಗೂ ಉತ್ತರ ಈ ನಾಲ್ಕು ಅಂಕಿಗಳಲ್ಲಿದೆ, ವರ್ಷಕ್ಕೊಮ್ಮೆ ಸಿಗುವ ಒಟ್ಟು ಸಂಖ್ಯೆಯಲ್ಲಿಲ್ಲ.

ಒಂದು ಪ್ರಕರಣ ಎಂದರೆ ಎಷ್ಟು ಎಂಬುದೂ ಗಮನಿಸಬೇಕಾದದ್ದು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಜಿಲ್ಲಾ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ 101 ಮಂದಿಗೆ ಶಿಕ್ಷೆ ವಿಧಿಸಿತು, ಅವರಲ್ಲಿ 98 ಮಂದಿಗೆ ಜೀವಾವಧಿ. ಎಣಿಸುವ ಪುಸ್ತಕದಲ್ಲಿ ನೂರಾರು ಜನ ಸೇರಿ ಕೇರಿಯನ್ನು ಸುಟ್ಟದ್ದೂ, ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಇನ್ನೊಬ್ಬನಿಗೆ ಜಾತಿ ಹಿಡಿದು ಬೈದದ್ದೂ ಒಂದೊಂದೇ ಪ್ರಕರಣ. ಶಿಕ್ಷೆಯ ಪ್ರಮಾಣವನ್ನು ಈ ವರ್ಷದ ದ್ವೇಷಕ್ಕೆ ಅಳತೆಗೋಲು ಮಾಡಿಕೊಂಡರೆ ಹತ್ತು ವರ್ಷ ಹಿಂದಿನ ಬೆಂಕಿಯನ್ನು ಇವತ್ತಿನದೆಂದು ಓದಿದಂತಾಗುತ್ತದೆ.

ಒಂದೇ ರಾಜ್ಯ ಇಡೀ ದೇಶದ ಗೆರೆಯನ್ನು ತಿರುಗಿಸಿದ ನಿದರ್ಶನವೂ ಇದೆ. ಪರಿಶಿಷ್ಟ ಪಂಗಡದವರ ವಿರುದ್ಧದ ಪ್ರಕರಣಗಳು 2022ರಲ್ಲಿ 10,064 ಇದ್ದದ್ದು 2023ರಲ್ಲಿ 12,960 ಆದವು, ಶೇ. 28ಕ್ಕಿಂತ ಹೆಚ್ಚು ಏರಿಕೆ. ಇದರಲ್ಲಿ ಮಣಿಪುರದ ಪಾಲು 3,399, ಹಿಂದಿನ ವರ್ಷ ಅಲ್ಲಿ ದಾಖಲಾದದ್ದು ಒಂದೇ ಒಂದು. ಮಣಿಪುರವನ್ನು ಪಕ್ಕಕ್ಕಿಟ್ಟು ಕಳೆದು ನೋಡಿ: ಉಳಿದ ದೇಶದಲ್ಲಿ 10,063ರಿಂದ 9,561ಕ್ಕೆ ಇಳಿದಿದೆ. ‘ದೇಶಾದ್ಯಂತ ಏರಿಕೆ’ ಎಂಬ ತಲೆಬರಹ ಲೆಕ್ಕದಲ್ಲಿ ಸರಿ, ಅರ್ಥದಲ್ಲಿ ತಪ್ಪು.

ನಮ್ಮ ಮೂರು ತಾಲ್ಲೂಕುಗಳಿಗೆ ಬಂದರೆ ತೊಡಕು ಇನ್ನೊಂದು ಬಗೆಯದು, ಇಲ್ಲಿನ ಸಂಖ್ಯೆಗಳು ತೀರಾ ಚಿಕ್ಕವು. ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ಸರಾಸರಿ ಒಂಬತ್ತು ಪ್ರಕರಣ ಎಂದುಕೊಳ್ಳಿ (ಇದು ಲೆಕ್ಕಕ್ಕೆ ಹಿಡಿದ ಸಂಖ್ಯೆ ಮಾತ್ರ). ಇಂಥ ಎಣಿಕೆಗಳು ಯಾವ ಕಾರಣವೂ ಇಲ್ಲದೆ ಆಚೀಚೆ ಆಗುತ್ತಿರುತ್ತವೆ. ಎಷ್ಟು ಆಗಬಹುದು ಎಂದು ತಿಳಿಯಲು ಸಂಖ್ಯಾಶಾಸ್ತ್ರದವರ ಸುಲಭ ಸೂತ್ರವಿದೆ: ಸರಾಸರಿಯ ವರ್ಗಮೂಲ ತೆಗೆದು ದುಪ್ಪಟ್ಟು ಮಾಡಿ. ಒಂಬತ್ತರ ವರ್ಗಮೂಲ ಮೂರು, ದುಪ್ಪಟ್ಟು ಆರು. ಅಂದರೆ ಒಂದು ವರ್ಷ ಮೂರು, ಇನ್ನೊಂದು ವರ್ಷ ಹದಿನೈದು ಬಂದರೂ ಊರಿನಲ್ಲಿ ಏನೂ ಬದಲಾಗಿಲ್ಲದಿರಬಹುದು. ‘ಹೊಸನಗರದಲ್ಲಿ ದೌರ್ಜನ್ಯ ದುಪ್ಪಟ್ಟು’ ಎಂಬಂಥ ಸುದ್ದಿ ಬಂದರೆ ಎಷ್ಟರಿಂದ ಎಷ್ಟಕ್ಕೆ ಎಂದು ಕೇಳಿ. ಮೂರು ತಾಲ್ಲೂಕುಗಳನ್ನು ಕೂಡಿಸಿ, ಐದೈದು ವರ್ಷದ ಮೊತ್ತ ಹಾಕಿದರೆ ಗೆರೆಗೆ ಸ್ವಲ್ಪ ಅರ್ಥ ಬರುತ್ತದೆ. ಆಗ ಆಡಳಿತದ ಗಡಿಯನ್ನೂ ನೆನಪಿಡಬೇಕು: ಸಾಗರ, ಹೊಸನಗರ ಸಾಗರ ಉಪವಿಭಾಗಕ್ಕೆ, ತೀರ್ಥಹಳ್ಳಿ ಶಿವಮೊಗ್ಗ ಉಪವಿಭಾಗಕ್ಕೆ. ಉಪವಿಭಾಗದ ವರದಿ ಹಿಡಿದು ಹೊರಟರೆ ತೀರ್ಥಹಳ್ಳಿ ಭದ್ರಾವತಿಯ ಜೊತೆ ಕೂಡಿರುತ್ತದೆ.

ಇನ್ನು ಠಾಣೆಗೆ ಬಾರದೇ ಉಳಿದದ್ದರ ಕಥೆ. ಐರೋಪ್ಯ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 2018ರಲ್ಲಿ ಹನ್ನೆರಡು ದೇಶಗಳ ಯಹೂದಿಗಳನ್ನೇ ನೇರವಾಗಿ ಕೇಳಿತು. ಕಿರುಕುಳ ಅನುಭವಿಸಿದವರಲ್ಲಿ ಶೇ. 79 ಮಂದಿ ಎಲ್ಲಿಯೂ ದೂರು ಕೊಟ್ಟಿರಲಿಲ್ಲ. ನಮ್ಮಲ್ಲಿ ಇದಕ್ಕೆ ಹತ್ತಿರದ ಕೆಲಸ ಈ ಶತಮಾನದ ಆರಂಭದಲ್ಲೇ ಆಗಿದೆ. ಕರ್ನಾಟಕವೂ ಸೇರಿ ಹನ್ನೊಂದು ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯನ್ನು ಹುಡುಕಿದ ಅಧ್ಯಯನ 2006ರಲ್ಲಿ ಪುಸ್ತಕವಾಗಿ ಬಂತು, ಘನಶ್ಯಾಮ ಶಾ, ಹರ್ಷ ಮಂದರ್, ಸುಖದೇವ್ ಥೋರಟ್ ಮೊದಲಾದವರದು. ಕಾಲುಭಾಗಕ್ಕೂ ಹೆಚ್ಚು ಹಳ್ಳಿಗಳಲ್ಲಿ ದಲಿತರಿಗೆ ಪೊಲೀಸ್ ಠಾಣೆಯೊಳಗೆ ಹೋಗುವುದಕ್ಕೇ ಅಡ್ಡಿಯಿತ್ತು ಎಂದು ಅದು ಹೇಳಿತು. ಒಳಗೆ ಕಾಲಿಡಲು ಬಿಡದ ಠಾಣೆಯ ಪುಸ್ತಕದಲ್ಲಿ ಸೊನ್ನೆ ಇದ್ದರೆ ಅದನ್ನು ಶಾಂತಿ ಎಂದು ಓದಬೇಕೇ?

ಮಲೆನಾಡಿನಲ್ಲಿ ಕಾನೂನಿನ ಕಣ್ಣಿಗೆ ಬೀಳದ ಭಾಗ ಇನ್ನೂ ದೊಡ್ಡದು. ಜಾತಿ ನಿಂದನೆ ಅಪರಾಧವಾಗಬೇಕಾದರೆ ಅದು ಸಾರ್ವಜನಿಕರ ಕಣ್ಣೆದುರು ನಡೆದಿರಬೇಕು ಎಂದು ಕಾಯ್ದೆ ಹೇಳುತ್ತದೆ. ನಾಲ್ಕು ಗೋಡೆಗಳ ನಡುವೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಅದರಡಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ಹೇಳಿತು. ಬಯಲುಸೀಮೆಯ ಊರಿಗೆ ಬೀದಿ ಇದೆ, ಕೇರಿ ಇದೆ, ನೋಡುವ ಕಣ್ಣುಗಳಿವೆ. ಇಲ್ಲಿ ಗುಡ್ಡಕ್ಕೊಂದು ಮನೆ, ಮನೆ ಸುತ್ತ ತೋಟ. ನಡೆದದ್ದಕ್ಕೆ ಸಾಕ್ಷಿ ನಾಯಿ ಮಾತ್ರ. ಕಾಯ್ದೆಗೆ ಸಿಗದ ಇನ್ನೊಂದು ಸಂಗತಿ: ಕಾಗೋಡಿನಲ್ಲಿ ಅವಮಾನ ಉಂಡ ದೀವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿಲ್ಲ. ಆಗ ನಡೆದಂಥದ್ದು ಅವರ ಮೇಲೆ ಈಗ ನಡೆದರೂ ಈ ಲೆಕ್ಕದಲ್ಲಿ ಅದಕ್ಕೆ ಮನೆಯಿಲ್ಲ.

ಹಾಗಾಗಿ ಮನೆಮನೆಗೆ ಹೋಗಿ ಕೇಳಲೇಬೇಕು. ಆದರೆ ಏನೆಂದು ಕೇಳುವುದು? ‘ನೀವು ಅಸ್ಪೃಶ್ಯತೆ ಆಚರಿಸುತ್ತೀರಾ’ ಎಂದರೆ ‘ಛೆ ಛೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯ 2011-12ರಲ್ಲಿ 42 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ನಡೆಸಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಇದಕ್ಕೆ ಜಾಣ ದಾರಿ ಹುಡುಕಿತು. ಮೊದಲು ನೇರ ಪ್ರಶ್ನೆ. ‘ಇಲ್ಲ’ ಎಂದವರಿಗೆ ಎರಡನೆಯದು: ಪರಿಶಿಷ್ಟ ಜಾತಿಯ ಒಬ್ಬರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ತೊಂದರೆಯಿದೆಯೇ? ಎರಡರಲ್ಲಿ ಒಂದಕ್ಕಾದರೂ ಹೌದೆಂದ ಮನೆಗಳು ಶೇ. 27, ಬ್ರಾಹ್ಮಣ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಮೊದಲ ಪ್ರಶ್ನೆಗೆ ‘ಛೆ’ ಎಂದವರು ಅಡುಗೆಮನೆಯ ಹೊಸ್ತಿಲ ಮಾತು ಬಂದಾಗ ತಡವರಿಸುತ್ತಾರೆ. ಆಮೇಲೆ ದೂರವಾಣಿಯಲ್ಲಿ ಕೇಳಿದ ಇನ್ನೊಂದು ಸಮೀಕ್ಷೆಯಲ್ಲಿ ರಾಜಸ್ಥಾನ, ಉತ್ತರಪ್ರದೇಶದ ಹಳ್ಳಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಮನೆಯಲ್ಲಿ ಯಾರಾದರೂ ಮುಟ್ಟುಚಿಟ್ಟು ಆಚರಿಸುತ್ತಾರೆ ಎಂದು ಒಪ್ಪಿಕೊಂಡರು. ಈ ಎರಡು ಅಂಕಿ ಪಕ್ಕದಲ್ಲಿಟ್ಟು ‘ಹೆಚ್ಚಾಯಿತು’ ಎನ್ನುವಂತಿಲ್ಲ: ರಾಜ್ಯ ಬೇರೆ, ಪ್ರಶ್ನೆ ಬೇರೆ, ಉತ್ತರಿಸುವವರೂ ಬೇರೆ.

ಕೇಳುವವರು ಯಾರು ಎಂಬುದರಿಂದ ಉತ್ತರ ಬದಲಾಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊಸಬರು ಜಗಲಿ ಹತ್ತಿದೊಡನೆ ನೀರು-ಬೆಲ್ಲದ ಜೊತೆಗೇ ‘ಯಾವೂರಾಯ್ತು, ಯಾವ ಜನ ಆಯ್ತು’ ಎಂಬ ವಿಚಾರಣೆ ಶುರುವಾಗುತ್ತದೆ. ಸಮೀಕ್ಷೆ ಮಾಡುವವನ ಪ್ರಶ್ನೆಗಿಂತ ಮೊದಲು ಸಮೀಕ್ಷೆಗೊಳಗಾಗುವವನ ಪ್ರಶ್ನೆ! ತಮ್ಮ ಜನವೇ ಎಂದು ಗೊತ್ತಾದರೆ ಬಿಚ್ಚಿ ಮಾತಾಡುತ್ತಾರೆ, ದಲಿತ ಎಂದು ಗೊತ್ತಾದರೆ ಸಂವಿಧಾನ ಮಾತಾಡುತ್ತದೆ. ಇದಕ್ಕೆ ಪರಿಹಾರವೆಂದರೆ ಯಾವ ಮನೆಗೆ ಯಾರು ಹೋಗಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಇಬ್ಬರಿಗೂ ಸಿಕ್ಕ ಉತ್ತರಗಳ ಅಂತರ ನೋಡುವುದು. ಆ ಅಂತರವೇ ಒಂದು ಅಳತೆ.

ಉತ್ತರವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗದ ಉಪಾಯವೂ ಉಂಟು, ಪಟ್ಟಿ ಪ್ರಯೋಗ ಎನ್ನುತ್ತಾರೆ. ಮನೆಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ. ಮೊದಲ ಗುಂಪಿಗೆ ನಾಲ್ಕು ಸಂಗತಿ ಓದಿ ಹೇಳಿ: ಮಂಗಗಳು ತೋಟಕ್ಕೆ ನುಗ್ಗುವುದು, ಅಡಿಕೆ ದರ ಕುಸಿಯುವುದು, ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುವುದು, ಹಬ್ಬಕ್ಕೆ ನೆಂಟರು ಬರುವುದು. ಯಾವುದು ಸಿಟ್ಟು ತರಿಸುತ್ತದೆ ಎಂದು ಹೇಳಬೇಡಿ, ಎಷ್ಟು ಎಂದಷ್ಟೇ ಹೇಳಿ. ಎರಡನೆಯ ಗುಂಪಿಗೆ ಐದನೆಯದಾಗಿ ‘ದಲಿತರು ಒಳಮನೆಗೆ ಬರುವುದು’ ಸೇರಿಸಿ. ಮೊದಲ ಗುಂಪಿನ ಸರಾಸರಿ 2.8, ಎರಡನೆಯದು 3.1 ಬಂತು ಎಂದುಕೊಂಡರೆ, ಆ 0.3 ಅಂದರೆ ಶೇ. 30 ಮಂದಿಗೆ ಐದನೆಯದು ಸಿಟ್ಟು ತರಿಸುತ್ತದೆ. ಯಾರಿಗೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ನೆಂಟರನ್ನು ಪಟ್ಟಿಗೆ ಸೇರಿಸಿದ್ದಕ್ಕೂ ಕಾರಣವಿದೆ: ಎಲ್ಲವೂ ಸಿಟ್ಟು ತರಿಸುವಂಥವೇ ಆಗಿದ್ದರೆ ‘ಐದು’ ಎಂದವನ ಗುಟ್ಟು ರಟ್ಟಾಗುತ್ತದೆ. ಇದು ಸಾವಿರಾರು ಮನೆಗಳಿದ್ದರೆ ಮಾತ್ರ ನಂಬಬಹುದಾದ ವಿಧಾನ, ಒಂದು ಗ್ರಾಮ ಪಂಚಾಯಿತಿಗೆ ಆಗುವುದಲ್ಲ.

ಮನಸ್ಸನ್ನು ಕೇಳದೆ ನಡತೆಯನ್ನೇ ಹಿಡಿದವರೂ ಇದ್ದಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳ ಜಾಹೀರಾತಿಗೆ ಒಂದೇ ಅರ್ಹತೆಯ, ಹೆಸರು ಮಾತ್ರ ಬೇರೆಯಾದ ಅರ್ಜಿಗಳನ್ನು ಕಳಿಸಲಾಯಿತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರರಲ್ಲಿ ಎರಡು ಪಾಲು. ಇಲ್ಲಿ ಯಾರೂ ಸುಳ್ಳು ಹೇಳಲು ಆಸ್ಪದವೇ ಇಲ್ಲ.

ಹಳ್ಳಿಯ ನಡತೆಯನ್ನು ಎಣಿಸಲು ಗುಜರಾತಿನ ನವಸರ್ಜನ ಸಂಸ್ಥೆ 1,589 ಹಳ್ಳಿಗಳಲ್ಲಿ ಒಂದು ಪಟ್ಟಿ ಹಿಡಿದು ನಡೆದಿತ್ತು. ಅದರಲ್ಲಿ ಅಸ್ಪೃಶ್ಯತೆಯ 98 ಆಚರಣೆಗಳಿದ್ದವು. ಅದನ್ನು ಹಾಗೇ ಕನ್ನಡಕ್ಕೆ ತಂದು ಸಾಗರದಲ್ಲಿ ಬಳಸಿದರೆ ಪ್ರಯೋಜನವಿಲ್ಲ. ಸಾರ್ವಜನಿಕ ಬಾವಿ, ಕ್ಷೌರದ ಅಂಗಡಿ, ಊರ ಬೀದಿಯ ಮೆರವಣಿಗೆ ಇವೆಲ್ಲ ಒತ್ತಾಗಿ ಕಟ್ಟಿದ ಊರುಗಳ ಗುರುತುಗಳು. ಮಲೆನಾಡಿನ ಮನೆಗೆ ಅದರದೇ ಬಾವಿ. ಇಲ್ಲಿ ನೋಡಬೇಕಾದದ್ದು ಕೊನೆಕೊಯ್ಲಿಗೆ, ಅಡಿಕೆ ಸುಲಿಯಲು ಬಂದವರು ಎಲ್ಲಿ ಕೂತು ಉಣ್ಣುತ್ತಾರೆ: ಅಂಗಳದಲ್ಲೋ, ಕೊಟ್ಟಿಗೆಯ ಪಕ್ಕದಲ್ಲೋ, ಜಗಲಿಯಲ್ಲೋ, ಒಳಗೋ? ಉಂಡ ತಟ್ಟೆ ತೊಳೆಯುವವರು ಯಾರು? ಮದುವೆ ಊಟದಲ್ಲಿ ಎಷ್ಟನೆಯ ಪಂಕ್ತಿ? ಇವೆಲ್ಲ ಕಣ್ಣಿಗೆ ಕಾಣುವಂಥವು, ಒಂದೇ ಮನೆಯಲ್ಲಿ ಐದು ವರ್ಷ ಬಿಟ್ಟು ಮತ್ತೆ ನೋಡಬಹುದಾದಂಥವು.

ಆದರೆ ಇಲ್ಲೂ ಅಳತೆ ಜಾರುತ್ತದೆ. ಒಂದು ಕಾಲದಲ್ಲಿ ಎರಡು ಲೋಟ ಎಂಬುದು ಅಸ್ಪೃಶ್ಯತೆಯ ನಿಚ್ಚಳ ಗುರುತಾಗಿತ್ತು. ಈಗ ಚಹಾದಂಗಡಿಯಲ್ಲೂ ಎಷ್ಟೋ ಮನೆಗಳಲ್ಲೂ ಪೇಪರ್ ಲೋಟ. ಎಲ್ಲರಿಗೂ ಒಂದೇ ಲೋಟ, ಕುಡಿದು ಎಸೆದರಾಯಿತು. ಇದು ಸಮಾನತೆಯೋ, ತೊಳೆಯುವ ಮುಜುಗರ ತಪ್ಪಿಸುವ ಉಪಾಯವೋ? ಎರಡು ಲೋಟದ ಅಂಕಿ ಸೊನ್ನೆಗೆ ಇಳಿದದ್ದನ್ನು ಕಂಡು ಖುಷಿಪಡುವ ಮೊದಲು ಸ್ಟೀಲ್ ಲೋಟ ಯಾರ ಮುಂದೆ ಬರುತ್ತದೆ ಎಂದು ನೋಡುವುದು ಮೇಲು. ನನ್ನ ಮಟ್ಟಿಗೆ ನಂಬಬಹುದಾದ ಒಂದೇ ಗುರುತು ಆರಿಸಿ ಎಂದರೆ ಅಡುಗೆಮನೆಯ ಪ್ರಶ್ನೆಯನ್ನೇ ಆರಿಸುತ್ತೇನೆ, ಅದಕ್ಕೆ ಪೇಪರ್ ಲೋಟದ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ.

ಇದನ್ನೆಲ್ಲ ಮಾಡಲು ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಠಾಣೆಯ ಲೆಕ್ಕದ ಭಾಗವನ್ನು ಯಾರು ಬೇಕಾದರೂ ಪಡೆಯಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಮೇಲಿರಬೇಕು. ಹಾಗಾಗಿ ಕಥೆ ಬರೆಯದೆ ಕೇಳಿ: ಇಂಥ ಠಾಣೆಯಲ್ಲಿ ಇಂಥ ವರ್ಷಗಳಲ್ಲಿ ದೌರ್ಜನ್ಯ ತಡೆ ಕಾಯ್ದೆಯಡಿ ಬಂದ ದೂರು, ಎಫ್‌ಐಆರ್, ಚಾರ್ಜ್‌ಶೀಟ್, ಬಿ ರಿಪೋರ್ಟ್, ತೀರ್ಪು ಎಷ್ಟೆಷ್ಟು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ನಿಯಮವಿದೆ, ಅದರ ನಡಾವಳಿಯನ್ನು ಬೇರೆ ಅರ್ಜಿಯಲ್ಲಿ ಕೇಳಿ. ಸಭೆ ಎಷ್ಟು ಬಾರಿ ಸೇರಿದೆ ಎಂಬುದೂ ಒಂದು ಅಂಕಿಯೇ.

ಬರಲಿರುವ ಒಂದು ತಿರುವನ್ನು ಈಗಲೇ ಗುರುತು ಹಾಕಿಕೊಳ್ಳಿ. ಅಪರಾಧ ದಾಖಲೆ ಬ್ಯೂರೊ ಕೊಡುವ ದರ, ಅಂದರೆ ಲಕ್ಷ ಪರಿಶಿಷ್ಟ ಜಾತಿಯವರಿಗೆ ಎಷ್ಟು ಪ್ರಕರಣ ಎಂಬ ಲೆಕ್ಕ, 2022ಕ್ಕೆ 28.6. ಪ್ರಕರಣಗಳು 2022ರವು, ಭಾಗಿಸಿದ್ದು ಮಾತ್ರ 2011ರ ಜನಗಣತಿಯ 20.14 ಕೋಟಿಯಿಂದ. ಹನ್ನೊಂದು ವರ್ಷದಲ್ಲಿ ಹುಟ್ಟಿದವರು ಆ ಲೆಕ್ಕದಲ್ಲಿಲ್ಲ, ಹಾಗಾಗಿ ದರ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹೊಸ ಜನಗಣತಿ 2027ರ ಮಾರ್ಚ್ 1ನ್ನು ಆಧಾರವಾಗಿಟ್ಟುಕೊಂಡು ನಡೆಯಲಿದೆ. ಅದರ ಸಂಖ್ಯೆ ಕೋಷ್ಟಕಕ್ಕೆ ಬಂದ ವರ್ಷ, ಪ್ರಕರಣಗಳು ಅಷ್ಟೇ ಇದ್ದರೂ ದರ ತಟ್ಟನೆ ಕೆಳಗಿಳಿಯುತ್ತದೆ. ‘ದಲಿತರ ಮೇಲಿನ ದೌರ್ಜನ್ಯ ಇಳಿಮುಖ’ ಎಂಬ ಸುದ್ದಿ ಆ ವರ್ಷ ಕಂಡರೆ, ಕೋಷ್ಟಕದಲ್ಲಿ ದರದ ಕಂಬಸಾಲನ್ನು ಬಿಟ್ಟು ಪ್ರಕರಣಗಳ ಸಂಖ್ಯೆಯದನ್ನು ಓದಿ.